ಒಳಗೆ ಬಂದದ್ದು ಗೊತ್ತು, ಹೊರಗೆ ಹೋದದ್ದು?

‘ಒಳನುಸುಳುವಿಕೆ’ ಎಂಬ ಪದ ಪತ್ರಿಕೆ ಓದುವವರಿಗೆ ಹೊಸದಲ್ಲ. ಕಾಶ್ಮೀರದ ಗಡಿಯ ಸುದ್ದಿ ಬಂದಾಗಲೆಲ್ಲ ಅದು ಕಾಣಿಸುತ್ತದೆ. ಹಾಗಾದರೆ ಅದರ ತಿರುಗುಮುರುಗು ಯಾವುದು? ಒಳಗೆ ಹೋದವನು, ಅಥವಾ ಒಳಗಿದ್ದ ವಸ್ತು, ಕಾವಲುಗಾರರ ಕಣ್ಣೆದುರೇ ಯಾರಿಗೂ ಗೊತ್ತಾಗದಂತೆ ಹೊರಗೆ ಬರುವುದಕ್ಕೆ ಏನನ್ನಬೇಕು? ಇಂಗ್ಲಿಷಿನಲ್ಲಿ ಎಕ್ಸ್‌ಫಿಲ್ಟ್ರೇಷನ್ ಎನ್ನುತ್ತಾರೆ. ಸೈನಿಕರ ಬಾಯಲ್ಲಿ ಅದು ಬರೀ ‘ಎಕ್ಸ್‌ಫಿಲ್’. ಕನ್ನಡದಲ್ಲಿ ಇದಕ್ಕೊಂದು ಪದ ಇನ್ನೂ ಗಟ್ಟಿಯಾಗಿ ಕೂತಿಲ್ಲ. ‘ಹೊರನುಸುಳು’ ಎಂದರೆ ಹೇಗೆ? ಇದಕ್ಕಿಂತ ಒಳ್ಳೆಯದು ಸಿಗುವವರೆಗೆ ನಾನು ಅದನ್ನೇ ಬಳಸುತ್ತೇನೆ.

ಕಾಲ್ ಆಫ್ ಡ್ಯೂಟಿ ಆಡುವ ಹುಡುಗರಿಗೆ ಈ ಪದವನ್ನು ವಿವರಿಸಬೇಕಾಗಿಲ್ಲ. ಸಿಕ್ಕಿದ್ದನ್ನೆಲ್ಲ ಬ್ಯಾಗಿಗೆ ತುಂಬಿಕೊಂಡು ಎಕ್ಸ್‌ಫಿಲ್ ಜಾಗಕ್ಕೆ ಓಡಬೇಕು, ಹೆಲಿಕಾಪ್ಟರ್ ಹತ್ತಬೇಕು. ಹತ್ತದಿದ್ದರೆ ಅಷ್ಟು ಹೊತ್ತು ಗಳಿಸಿದ್ದೆಲ್ಲ ನೀರುಪಾಲು. ಇದೇ ಪದ ಸೈಬರ್ ಸೆಕ್ಯುರಿಟಿ ಕೆಲಸದ ಜಾಹೀರಾತುಗಳಲ್ಲೂ ಇದೆ. ‘ಡೇಟಾ ಎಕ್ಸ್‌ಫಿಲ್ಟ್ರೇಷನ್ ಪತ್ತೆ ಮಾಡಬಲ್ಲವರು ಬೇಕು’ ಎಂದು ಕೇಳುತ್ತಾರೆ. ಆದರೆ ಗೇಮಿನ ಅರ್ಥವನ್ನೇ ನಂಬಿಕೊಂಡು ಇಂಟರ್‌ವ್ಯೂಗೆ ಹೋದರೆ ಕಷ್ಟ. ನಿಜವಾದ ಹೊರನುಸುಳಿನಲ್ಲಿ ಓಟವಿಲ್ಲ, ಗುಂಡಿನ ಸದ್ದಿಲ್ಲ, ಹೆಲಿಕಾಪ್ಟರ್ ಇಲ್ಲ. ಸದ್ದಾಯಿತು ಎಂದರೆ ಅದು ಕೆಟ್ಟಿತು ಎಂದೇ ಲೆಕ್ಕ.

ನಮ್ಮ ಇತಿಹಾಸದಲ್ಲೇ ಇದಕ್ಕೆ ಅಚ್ಚುಕಟ್ಟಾದ ಉದಾಹರಣೆಯಿದೆ. 1941ರ ಜನವರಿ 16ರ ನಡುರಾತ್ರಿ ಸುಭಾಷ್‌ಚಂದ್ರ ಬೋಸರು ಕೋಲ್ಕತ್ತದ ಎಲ್ಗಿನ್ ರಸ್ತೆಯ ಮನೆಯಿಂದ ಹೊರಬಿದ್ದರು. ಮನೆಯ ಸುತ್ತ ಪೊಲೀಸ್ ಕಾವಲಿತ್ತು. ಅವರು ಗೋಡೆ ಹಾರಲಿಲ್ಲ, ಸುರಂಗ ತೋಡಲಿಲ್ಲ. ಮೊಹಮ್ಮದ್ ಜಿಯಾಉದ್ದೀನ್ ಎಂಬ ಹೆಸರಿನಲ್ಲಿ ವೇಷ ಬದಲಿಸಿ, ಅಣ್ಣನ ಮಗ ಶಿಶಿರ್ ಓಡಿಸುತ್ತಿದ್ದ ಕಾರಿನಲ್ಲಿ ಕೂತು, ಗೇಟಿನಿಂದಲೇ ಹೋದರು. ಗೋಮೋ ಸ್ಟೇಷನ್‌ನಲ್ಲಿ ರೈಲು ಹತ್ತಿ ಪೆಶಾವರ, ಅಲ್ಲಿಂದ ಕಾಬೂಲ್, ಕೊನೆಗೆ ಬರ್ಲಿನ್. ಇದಕ್ಕಿಂತ ನನಗೆ ಹೆಚ್ಚು ಇಷ್ಟವಾಗುವುದು ಅವರು ಹೋದ ಮೇಲೆ ಮನೆಯಲ್ಲಿ ನಡೆದದ್ದು. ಬೋಸರು ಏಕಾಂತದಲ್ಲಿದ್ದಾರೆ, ಯಾರನ್ನೂ ನೋಡುವುದಿಲ್ಲ ಎಂಬ ಸುದ್ದಿ ಮೊದಲೇ ಹಬ್ಬಿತ್ತು. ಖಾಲಿ ಕೋಣೆಗೆ ದಿನವೂ ಊಟ ಹೋಗುತ್ತಿತ್ತು. ಮನೆಯ ಹುಡುಗರು ಅದನ್ನು ಉಂಡು ತಟ್ಟೆ ಖಾಲಿ ಮಾಡುತ್ತಿದ್ದರು. ಹೀಗೆ ಸುಮಾರು 10 ದಿನ. ಅಷ್ಟೂ ದಿನ ಪೊಲೀಸರು ಹೊರಗೆ ಖಾಲಿ ಕೋಣೆಯನ್ನು ಕಾಯುತ್ತಿದ್ದರು.

ಅಮೆರಿಕದವರು 1980ರಲ್ಲಿ ತಮ್ಮ ಆರು ರಾಜತಾಂತ್ರಿಕರನ್ನು ಟೆಹರಾನಿನಿಂದ ಹೊರತಂದದ್ದೂ ಹೀಗೆಯೇ. ಕೆನಡಾದ ಪಾಸ್‌ಪೋರ್ಟ್ ಕೊಟ್ಟು, ಲೊಕೇಶನ್ ನೋಡಲು ಬಂದ ಸಿನಿಮಾದವರು ಎಂದು ಹೇಳಿ ವಿಮಾನ ಹತ್ತಿಸಿದರು. ‘ಆರ್ಗೋ’ ಸಿನಿಮಾ ನೋಡಿದವರಿಗೆ ಗೊತ್ತಿರುತ್ತದೆ. ಸಿನಿಮಾದ ಕೊನೆಯಲ್ಲಿ ರನ್‌ವೇ ಮೇಲೆ ಜೀಪುಗಳು ಅಟ್ಟಿಸಿಕೊಂಡು ಬರುತ್ತವಲ್ಲ, ಅದು ಹಾಲಿವುಡ್ ಸೇರಿಸಿದ ಒಗ್ಗರಣೆ. ನಿಜದಲ್ಲಿ ಅಂಥದ್ದೇನೂ ಆಗಲಿಲ್ಲ.

ಗಜನಿಯ ಗೇಟು

ಈಗ ಕಂಪ್ಯೂಟರಿಗೆ ಬರೋಣ. ಕುಮಟಾ ಕಡೆಯವರಿಗೆ ಇದನ್ನು ಹೇಳುವುದು ಬಹಳ ಸುಲಭ.

ಅಘನಾಶಿನಿ ಸಮುದ್ರ ಸೇರುವ ಕಡೆ ಗಜನಿ ಗದ್ದೆಗಳಿವೆ. ಉಪ್ಪುನೀರನ್ನು ತಡೆದುಕೊಳ್ಳುವ ಕಗ್ಗ ಭತ್ತ ಬೆಳೆಯುವ ಜಾಗ. ಗದ್ದೆಗೂ ನದಿಗೂ ನಡುವೆ ಕಟ್ಟೆ, ಕಟ್ಟೆಯಲ್ಲಿ ಗೇಟು. ಉಬ್ಬರ ಬಂದಾಗ ನೀರು ಒಳಗೆ ಬರುತ್ತದೆ, ಇಳಿತಕ್ಕೆ ಹೊರಗೆ ಹೋಗುತ್ತದೆ. ಸಿಗಡಿ ಹಿಡಿಯುವವರು ಬಲೆ ಕಟ್ಟುವುದು ಯಾವಾಗ? ನೀರು ಹೊರಗೆ ಹೋಗುವಾಗ. ಒಳಗೆ ಏನು ಬಂತು ಎಂಬುದು ನೀರು ಹೊರಗೆ ಹರಿಯುವಾಗ ಗೇಟಿನ ಬಾಯಲ್ಲಿ ಗೊತ್ತಾಗುತ್ತದೆ.

ಕಂಪ್ಯೂಟರ್ ಜಾಲದ ಕಾವಲಿನಲ್ಲಿ ಬಹುಪಾಲು ಕಡೆ ನಡೆಯುವುದು ಇದರ ಉಲ್ಟಾ. ಪಾಸ್‌ವರ್ಡ್, ಫೈರ್‌ವಾಲ್, ಆ್ಯಂಟಿವೈರಸ್ ಎಲ್ಲವೂ ಒಳಬರುವುದನ್ನು ತಡೆಯಲಿಕ್ಕೆ. ಹೊರಗೆ ಹೋಗುವ ನೀರಿಗೆ ಬಲೆ ಕಟ್ಟಿದವರು ಕಡಿಮೆ. ಕಳ್ಳನಿಗೂ ಇದು ಗೊತ್ತು. ಒಳಗೆ ಬರುವುದು ಅವನಿಗೆ ಅರ್ಧ ಕೆಲಸ ಮಾತ್ರ. ಕದ್ದ ಮಾಹಿತಿ ಅವನ ಕೈಗೆ ಮುಟ್ಟಿದಾಗಲೇ ಕೆಲಸ ಮುಗಿಯುವುದು. ಅದಕ್ಕೇ ಅವನು ಅವಸರ ಮಾಡುವುದಿಲ್ಲ. ಫೈಲುಗಳನ್ನು ಒಂದು ಮೂಲೆಯಲ್ಲಿ ಸೇರಿಸುತ್ತಾನೆ, ಜಿಪ್ ಮಾಡುತ್ತಾನೆ, ಹೆಸರು ಬದಲಿಸುತ್ತಾನೆ, ಚಿಕ್ಕಚಿಕ್ಕ ತುಂಡು ಮಾಡುತ್ತಾನೆ. ಆಮೇಲೆ ಆಫೀಸಿನವರೇ ದಿನವೂ ಬಳಸುವ ದಾರಿಯಲ್ಲಿ ಕಳಿಸುತ್ತಾನೆ. ಇಮೇಲ್, ಗೂಗಲ್ ಡ್ರೈವ್‌ನಂಥ ಜಾಗ, ಸಾಮಾನ್ಯ ವೆಬ್‌ಸೈಟಿನ ಸಂಪರ್ಕ.

ಇವುಗಳಲ್ಲಿ ನನಗೆ ತಲೆದೂಗುವಂತೆ ಮಾಡಿದ್ದು ಡಿಎನ್‌ಎಸ್ ದಾರಿ. ನೀವು ಒಂದು ಜಾಲತಾಣದ ಹೆಸರು ಟೈಪ್ ಮಾಡಿದಾಗ ಕಂಪ್ಯೂಟರ್ ಮೊದಲು ಒಂದು ಡೈರೆಕ್ಟರಿಯನ್ನು ಕೇಳುತ್ತದೆ, ‘ಈ ಹೆಸರಿನ ವಿಳಾಸ ಏನು?’ ಎಂದು. ಆ ಡೈರೆಕ್ಟರಿ ವ್ಯವಸ್ಥೆಯೇ ಡಿಎನ್‌ಎಸ್. ಅದಿಲ್ಲದೆ ಇಂಟರ್‌ನೆಟ್ ನಡೆಯುವುದಿಲ್ಲ. ಹಾಗಾಗಿ ಎಂಥ ಬಿಗಿ ಆಫೀಸಿನಲ್ಲೂ ಆ ಪ್ರಶ್ನೆಗಳನ್ನು ಹೊರಗೆ ಬಿಡುತ್ತಾರೆ. ಕಳ್ಳ ಒಂದು ಜಾಲತಾಣದ ಹೆಸರನ್ನು ತಾನೇ ಕೊಂಡಿಟ್ಟಿರುತ್ತಾನೆ. ಕದ್ದ ಮಾಹಿತಿಯ ಒಂದೊಂದು ಚೂರನ್ನು ಆ ಹೆಸರಿನ ಮುಂದೆ ಸೇರಿಸಿ ‘ಇದರ ವಿಳಾಸ ಏನು?’ ಎಂದು ಕೇಳಿಸುತ್ತಾನೆ. ಉತ್ತರ ಬರಲಿ ಬಿಡಲಿ, ಆ ಪ್ರಶ್ನೆ ಅವನ ಸರ್ವರಿಗೆ ಮುಟ್ಟಿದರೆ ಮುಗಿಯಿತು. ವಿಳಾಸ ಕೇಳುವ ನೆಪದಲ್ಲಿ ಇಡೀ ಪುಸ್ತಕವನ್ನೇ ಸಾಗಿಸುವುದು ಎಂದರೆ ಇದು.

ಎಷ್ಟು ದಿನ ಗೊತ್ತಾಗದೆ ಇರಬಹುದು? ಅಮೆರಿಕದ ಈಕ್ವಿಫ್ಯಾಕ್ಸ್ ಕಥೆ ಕೇಳಿ. ಜನರ ಸಾಲದ ಚರಿತ್ರೆ ಇಟ್ಟುಕೊಳ್ಳುವ ಕಂಪನಿ ಅದು, ನಮ್ಮಲ್ಲಿನ ಸಿಬಿಲ್ ಇದ್ದಂತೆ. 2017ರ ಮೇ ತಿಂಗಳಲ್ಲಿ ಕಳ್ಳರು ಒಳಗೆ ಬಂದರು. ಅವರು ಬಂದ ಬಾಗಿಲಿನ ಬಿರುಕನ್ನು ಮುಚ್ಚುವ ಪ್ಯಾಚ್ ಮಾರ್ಚ್‌ನಲ್ಲೇ ಸಿಕ್ಕಿತ್ತು, ಕಂಪನಿ ಹಾಕಿಕೊಂಡಿರಲಿಲ್ಲ. ಬಂದವರು ಡೇಟಾಬೇಸುಗಳಿಗೆ ಸುಮಾರು 9,000 ಪ್ರಶ್ನೆ ಕೇಳಿ, ಸಿಕ್ಕಿದ್ದನ್ನು ಸಣ್ಣ ಸಣ್ಣ ಭಾಗ ಮಾಡಿ 76 ದಿನ ಸಾಗಿಸಿದರು. 14 ಕೋಟಿಗೂ ಹೆಚ್ಚು ಜನರ ಮಾಹಿತಿ.

ಹಾಗಂತ ಈಕ್ವಿಫ್ಯಾಕ್ಸ್ ಹೊರಗಿನ ಗೇಟಿಗೆ ಬಲೆ ಕಟ್ಟಿರಲಿಲ್ಲವೇ? ಕಟ್ಟಿತ್ತು. ಹೊರಹೋಗುವ ಗೂಢಲಿಪಿಯ ಸಂಚಾರವನ್ನು ಬಿಚ್ಚಿ ನೋಡುವ ಯಂತ್ರ ಇತ್ತು. ಆದರೆ ಆ ಯಂತ್ರಕ್ಕೆ ಬೇಕಾದ ಡಿಜಿಟಲ್ ಸರ್ಟಿಫಿಕೇಟಿನ ಅವಧಿ ಎಷ್ಟೋ ತಿಂಗಳ ಹಿಂದೆಯೇ ಮುಗಿದಿತ್ತು. ಯಾರೂ ರಿನ್ಯೂ ಮಾಡಿರಲಿಲ್ಲ. ಯಂತ್ರ ಓಡುತ್ತಿತ್ತು, ಏನನ್ನೂ ನೋಡುತ್ತಿರಲಿಲ್ಲ. ಜುಲೈ 29ರಂದು ಯಾರೋ ಹೊಸ ಸರ್ಟಿಫಿಕೇಟ್ ಹಾಕಿದರು. ಹಾಕಿದ ಕೂಡಲೇ ಅನುಮಾನದ ಸಂಚಾರ ಕಣ್ಣಿಗೆ ಬಿತ್ತು. ಕಂಪನಿ ಕೊನೆಗೆ ಪರಿಹಾರ, ದಂಡ ಎಂದು ಒಪ್ಪಿಕೊಂಡದ್ದು ಕನಿಷ್ಠ 57.5 ಕೋಟಿ ಡಾಲರ್. 2020ರಲ್ಲಿ ಅಮೆರಿಕ ಈ ಕಳವಿನ ಆರೋಪ ಹೊರಿಸಿದ್ದು ಚೀನಾ ಸೇನೆಯ ನಾಲ್ವರ ಮೇಲೆ. ಸೇನೆಯ ಪದ ಕಂಪ್ಯೂಟರಿಗೆ ಬಂದಿದೆ ಎಂದೆನಲ್ಲ, ಜನರೂ ಬಂದಿದ್ದಾರೆ.

ಇಂಟರ್‌ನೆಟ್ ತಂತಿಯನ್ನೇ ಕಿತ್ತುಹಾಕಿದರೆ? ಇಸ್ರೇಲಿನ ಬೆನ್ ಗುರಿಯನ್ ವಿಶ್ವವಿದ್ಯಾಲಯದ ಮೊರ್ದೆಕೈ ಗುರಿ ಎಂಬ ಸಂಶೋಧಕ ವರ್ಷಗಳಿಂದ ಇದೇ ಪ್ರಶ್ನೆಯ ಬೆನ್ನು ಹತ್ತಿದ್ದಾರೆ. ಯಾವ ಜಾಲಕ್ಕೂ ಸೇರದ ಕಂಪ್ಯೂಟರಿನ ಫ್ಯಾನ್ ವೇಗವನ್ನು ಏರಿಳಿಸಿ, ಆ ಸದ್ದಿನಲ್ಲೇ ಪಕ್ಕದ ಫೋನಿಗೆ ಮಾಹಿತಿ ದಾಟಿಸಬಹುದು ಎಂದು 2016ರಲ್ಲಿ ತೋರಿಸಿದರು. ಮರುವರ್ಷ ಹಾರ್ಡ್‌ಡಿಸ್ಕಿನ ಮಿಣುಕುದೀಪದಿಂದಲೂ ಸಾಧ್ಯ ಎಂದರು. ಆದರೆ ಪ್ರಯೋಗಾಲಯದ ಈ ಚಮತ್ಕಾರಗಳನ್ನು ನೋಡಿ ನಾವು ಹೆದರಬೇಕಾಗಿಲ್ಲ. ನಮ್ಮ ಜಿಲ್ಲೆಯಲ್ಲಿ ನಡೆದದ್ದಕ್ಕೆ ಅಷ್ಟೆಲ್ಲ ಬುದ್ಧಿ ಬೇಕಾಗಿರಲಿಲ್ಲ.

ಕದಂಬದ ಹೊರಗೆ

ಕಾರವಾರದ ಕದಂಬ ನೌಕಾನೆಲೆ ಗೊತ್ತಲ್ಲ. 1986ರಲ್ಲಿ ರಾಜೀವ್ ಗಾಂಧಿ ಸೀಬರ್ಡ್ ಯೋಜನೆಗೆ ಅಡಿಗಲ್ಲು ಹಾಕಿದರು, 2005ರಲ್ಲಿ ನೆಲೆ ಕೆಲಸ ಶುರುಮಾಡಿತು. ಸಾವಿರಾರು ಕುಟುಂಬಗಳು ಮನೆ, ಗದ್ದೆ ಬಿಟ್ಟವು. ಬಿಟ್ಟುಕೊಟ್ಟವರಿಗೆ ಉಳಿದದ್ದು ಪರಿಹಾರದ ಕಾಯುವಿಕೆ ಮತ್ತು ನೌಕಾನೆಲೆಯಲ್ಲಿ ಕೆಲಸ ಸಿಗಬಹುದು ಎಂಬ ಆಸೆ. ಅಂಕೋಲಾ, ಕುಮಟಾ, ಹೊನ್ನಾವರ ಕಡೆಯ ಐಟಿಐ, ಡಿಪ್ಲೊಮಾ ಮುಗಿಸಿದವರಿಗೆ ಹತ್ತಿರದ ದೊಡ್ಡ ಕೆಲಸದ ಜಾಗ ಎಂದರೆ ಇಂದಿಗೂ ಕಾರವಾರ ಮತ್ತು ಕೈಗಾ. ಹೆಚ್ಚಿನವು ಗುತ್ತಿಗೆ ಕೆಲಸ.

2019ರ ಡಿಸೆಂಬರಿನಲ್ಲಿ ಆಂಧ್ರ ಪೊಲೀಸರು ನೌಕಾಪಡೆಯ ಏಳು ಸಿಬ್ಬಂದಿಯನ್ನು ಪಾಕಿಸ್ತಾನಕ್ಕೆ ಮಾಹಿತಿ ಕೊಟ್ಟ ಆರೋಪದಲ್ಲಿ ಬಂಧಿಸಿದರು. ವಿಶಾಖಪಟ್ಟಣ, ಮುಂಬೈ ಜೊತೆಗೆ ಕಾರವಾರದ ಹೆಸರೂ ಆಗ ಬಂತು. ಅದೇ ತಿಂಗಳ ಕೊನೆಗೆ ನೌಕಾಪಡೆ ತನ್ನ ನೆಲೆ ಮತ್ತು ಹಡಗುಗಳಲ್ಲಿ ಸ್ಮಾರ್ಟ್‌ಫೋನ್, ಫೇಸ್‌ಬುಕ್ ಎರಡನ್ನೂ ನಿಷೇಧಿಸಿತು. 2025ರ ಫೆಬ್ರುವರಿಯಲ್ಲಿ ರಾಷ್ಟ್ರೀಯ ತನಿಖಾ ದಳ ಮತ್ತೆ ಮೂವರನ್ನು ಬಂಧಿಸಿತು. ಇಬ್ಬರು ನಮ್ಮ ಜಿಲ್ಲೆಯ ಯುವಕರು, ಒಬ್ಬ ಕೇರಳದವನು. ಸಾಮಾಜಿಕ ಜಾಲತಾಣದಲ್ಲಿ ಪರಿಚಯವಾದವರಿಗೆ ಕಾರವಾರ ಮತ್ತು ಕೊಚ್ಚಿ ನೌಕಾನೆಲೆಗಳ ಸೂಕ್ಷ್ಮ ಮಾಹಿತಿ ಕೊಟ್ಟು ಪ್ರತಿಯಾಗಿ ಹಣ ಪಡೆದರು ಎಂಬುದು ಆರೋಪ. ಅದೇ ವರ್ಷದ ನವೆಂಬರಿನಲ್ಲಿ ಮಲ್ಪೆಯ ಹಡಗು ಕಟ್ಟುವ ಕಾರ್ಖಾನೆಗೆ ಸಂಬಂಧಿಸಿ, ಉಪಗುತ್ತಿಗೆಯಲ್ಲಿ ದುಡಿಯುತ್ತಿದ್ದ ಹೊರರಾಜ್ಯದ ಇಬ್ಬರನ್ನು ಉಡುಪಿ ಪೊಲೀಸರು ಹಿಡಿದರು. ಅಲ್ಲಿಯೂ ಹಡಗುಗಳ ಮಾಹಿತಿ ಹೊರಗೆ ಹೋಯಿತು ಎಂಬ ದೂರೇ. ತಪ್ಪು ಯಾರದ್ದು ಎಂಬುದನ್ನು ನ್ಯಾಯಾಲಯ ಹೇಳಬೇಕು, ನಾವು ನೀವಲ್ಲ.

ಇಂಥ ಸುದ್ದಿ ಬಂದ ದಿನ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ‘ದೇಶದ್ರೋಹಿಗಳು’ ಎಂದು ಬೈದು ಎಲ್ಲರೂ ಹಗುರಾಗುತ್ತಾರೆ. ಬೈಯುವುದು ಸುಲಭ. ಆದರೆ ದೇಶದ ಬೇರೆಬೇರೆ ಕಡೆಯ ಇಂಥ ಪ್ರಕರಣಗಳ ಆರೋಪಗಳನ್ನು ಓದುತ್ತ ಹೋದರೆ ಒಂದು ಕ್ರಮ ಎದ್ದು ಕಾಣುತ್ತದೆ. ಅದನ್ನು ನಮ್ಮ ವಯಸ್ಸಿನವರು ತಿಳಿದುಕೊಳ್ಳಲೇಬೇಕು. ಮೊದಲು ಫ್ರೆಂಡ್ ರಿಕ್ವೆಸ್ಟ್, ಹೆಚ್ಚಾಗಿ ಹುಡುಗಿಯ ಹೆಸರಲ್ಲಿ. ಕೆಲವು ವಾರ ಬರೀ ಊಟ ಆಯ್ತಾ, ನಿದ್ದೆ ಆಯ್ತಾ. ‘ನಾನು ಪತ್ರಕರ್ತೆ, ಒಂದು ಲೇಖನಕ್ಕೆ ಬೇಕಿತ್ತು’ ಅಥವಾ ‘ನಿಮ್ಮ ಕೆಲಸದ ಜಾಗ ಹೇಗಿದೆ, ತೋರಿಸಿ’ ಎಂಬ ಸಣ್ಣ ಬೇಡಿಕೆ. ಮೊದಲ ಫೋಟೊದಲ್ಲಿ ಗುಟ್ಟು ಏನೂ ಇರುವುದಿಲ್ಲ, ಕ್ಯಾಂಟೀನಿನದೋ ಗೇಟಿನದೋ ಇರಬಹುದು. ಅದಕ್ಕೆ ಸ್ವಲ್ಪ ಹಣ ಬರುತ್ತದೆ. ಹಣ ತೆಗೆದುಕೊಂಡ ಮೇಲೆ ಬೇಡಿಕೆಯ ದನಿ ಬದಲಾಗುತ್ತದೆ. ‘ಇಲ್ಲ’ ಎಂದರೆ ಹಿಂದಿನ ಫೋಟೊಗಳನ್ನೇ ತೋರಿಸಿ ಹೆದರಿಸಬಹುದು. ಈಕ್ವಿಫ್ಯಾಕ್ಸಿನ ಡೇಟಾದ ಹಾಗೆಯೇ ಇದೂ ಚೂರುಚೂರಾಗಿ, ದಿನದ ಮಾತಿನ ದಾರಿಯಲ್ಲೇ ಸಾಗುತ್ತದೆ. ಇಲ್ಲಿ ಹ್ಯಾಕ್ ಆದದ್ದು ಕಂಪ್ಯೂಟರ್ ಅಲ್ಲ. ಗುತ್ತಿಗೆ ಸಂಬಳ, ಮುಂದಿನ ತಿಂಗಳು ಕೆಲಸ ಇರುತ್ತದೋ ಇಲ್ಲವೋ ಎಂಬ ಅನುಮಾನ, ಮಾತಾಡಲು ಯಾರೂ ಇಲ್ಲದ ರಾತ್ರಿ ಪಾಳಿ, ಇವುಗಳೇ ಬಿರುಕು. ಈ ಬಿರುಕಿಗೆ ಪ್ಯಾಚ್ ಹಾಕುವುದು ಬರೀ ಪೊಲೀಸರ ಕೆಲಸವಲ್ಲ ಎಂಬುದು ನನ್ನ ಅಭಿಪ್ರಾಯ.

ಶಿಕ್ಷೆ ಮಾತ್ರ ಸಣ್ಣದಲ್ಲ. 1923ರ ಅಧಿಕೃತ ರಹಸ್ಯಗಳ ಕಾಯ್ದೆಯಲ್ಲಿ ರಕ್ಷಣಾ ನೆಲೆಗಳ ಬೇಹುಗಾರಿಕೆಗೆ 14 ವರ್ಷದವರೆಗೆ ಸೆರೆಮನೆಯಿದೆ.

ಗೊತ್ತಿಲ್ಲದೆ ಹೊರಹೋಗುವುದೂ ಇದೆ. ಓಟ, ಸೈಕ್ಲಿಂಗ್ ಅಳೆಯುವ ಸ್ಟ್ರಾವಾ ಆ್ಯಪ್ ತನ್ನ ಬಳಕೆದಾರರೆಲ್ಲ ಓಡಿದ ದಾರಿಗಳನ್ನು ಒಂದೇ ನಕ್ಷೆಯಲ್ಲಿ ಹೊಳೆಯಿಸಿ ಪ್ರಕಟಿಸಿತ್ತು. 2018ರ ಜನವರಿಯಲ್ಲಿ ನೇಥನ್ ರೂಸರ್ ಎಂಬ 20 ವರ್ಷದ ಆಸ್ಟ್ರೇಲಿಯಾದ ಕಾಲೇಜು ವಿದ್ಯಾರ್ಥಿ ಅದನ್ನು ನೋಡಿ, ಸಿರಿಯಾ, ಅಫ್ಗಾನಿಸ್ತಾನದ ಕತ್ತಲೆ ಮರುಭೂಮಿಯಲ್ಲಿ ಸೇನಾನೆಲೆಗಳ ಆಕಾರ ಹೊಳೆಯುತ್ತಿದೆ ಎಂದು ಬೆರಳು ತೋರಿಸಿದ. ಬೆಳಿಗ್ಗೆ ಜಾಗಿಂಗ್ ಮಾಡಿದ ಸೈನಿಕರೇ ತಮ್ಮ ನೆಲೆಯ ನಕ್ಷೆ ಬರೆದುಕೊಟ್ಟಿದ್ದರು. ನಿಮ್ಮ ಫೋನಿನ ಫೋಟೊದಲ್ಲೂ ಜಾಗ, ದಿನಾಂಕ, ಗಂಟೆ ಅಡಗಿರಬಹುದು. ಹೆದ್ದಾರಿ 66ರಲ್ಲಿ ಬಸ್ಸಿನ ಕಿಟಕಿಯಿಂದ ಯುದ್ಧನೌಕೆ ಕಂಡ ಕೂಡಲೇ ರೀಲ್ಸ್ ಮಾಡುವವರಿಗೆ ಇಷ್ಟು ಸಾಕು ಎಂದುಕೊಳ್ಳುತ್ತೇನೆ.

ಕೈಗಾ ಎಂದೆನಲ್ಲ. ಅದನ್ನು ನಡೆಸುವ ಭಾರತೀಯ ಅಣುವಿದ್ಯುತ್ ನಿಗಮವೇ ತಮಿಳುನಾಡಿನ ಕೂಡಂಕುಳಂ ಸ್ಥಾವರವನ್ನೂ ನಡೆಸುತ್ತದೆ. 2019ರ ಅಕ್ಟೋಬರ್‌ನಲ್ಲಿ ತನ್ನ ಜಾಲದ ಒಂದು ಕಂಪ್ಯೂಟರಿನಲ್ಲಿ ಮಾಲ್‌ವೇರ್ ಸಿಕ್ಕಿದ್ದನ್ನು ನಿಗಮ ಒಪ್ಪಿಕೊಂಡಿತು. ಅದು ಆಡಳಿತದ ಕೆಲಸಕ್ಕೆ ಇಂಟರ್‌ನೆಟ್‌ಗೆ ಸೇರಿದ್ದ ಕಂಪ್ಯೂಟರ್, ಸ್ಥಾವರದ ನಿಯಂತ್ರಣ ಜಾಲಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ಹೇಳಿತು. ಆ ಮಾಲ್‌ವೇರ್ ಡಿಟ್ರ್ಯಾಕ್ ಎಂಬ ಜಾತಿಯದ್ದು ಎಂದು ತಜ್ಞರು ಗುರುತಿಸಿದರು. ಏನನ್ನೂ ಕೆಡಿಸದೆ, ಸುಮ್ಮನೆ ಕೂತು ಟೈಪ್ ಮಾಡಿದ್ದನ್ನು, ಫೈಲುಗಳ ಪಟ್ಟಿಯನ್ನು ಕೂಡಿಹಾಕುವ ಜಾತಿ ಅದು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಕರಾವಳಿಗೆ ಹೊರನುಸುಳು ಹೊಸದೇನಲ್ಲ. 1502ರಲ್ಲಿ ವಾಸ್ಕೊ ಡ ಗಾಮ ಭಟ್ಕಳದ ಮೇಲೆ ಬಿದ್ದು, ಇಲ್ಲಿಂದ ಕಾಳುಮೆಣಸಿನ ವ್ಯಾಪಾರ ನಡೆಸಬಾರದು ಎಂದು ಷರತ್ತು ಹಾಕಿದ. ಆಮೇಲೆ ಪೋರ್ಚುಗೀಸರು ಕಾರ್ಟಾಜ್ ಎಂಬ ಪರವಾನಗಿ ತಂದರು. ಅದಿಲ್ಲದ ಹಡಗನ್ನು ಸಮುದ್ರದಲ್ಲೇ ಹಿಡಿಯುತ್ತಿದ್ದರು. ಆಗಿನ ಫೈರ್‌ವಾಲ್ ಅನ್ನಿ. ಅಷ್ಟಾದರೂ ಆ ಶತಮಾನದ ನಡುವಿನ ಹೊತ್ತಿಗೆ ಕೆಂಪು ಸಮುದ್ರಕ್ಕೆ ಮೆಣಸು ಧಾರಾಳವಾಗಿ ಹೋಗುತ್ತಿತ್ತು. ಗೇರುಸೊಪ್ಪೆಯ ಚೆನ್ನಭೈರಾದೇವಿಗೆ ‘ಮೆಣಸಿನ ರಾಣಿ’ ಎಂದು ಹೆಸರಿಟ್ಟವರೂ ಅದೇ ಪೋರ್ಚುಗೀಸರು.

ಕೆಲಸ ಹುಡುಕುವವರ ಲ್ಯಾಪ್‌ಟಾಪ್

ಈಗ ನಮ್ಮ ನಿಮ್ಮ ವಿಷಯ. ಕೆಲಸ ಹುಡುಕುವವನು ಕಳ್ಳನಿಗೆ ಬಹಳ ಪ್ರೀತಿಯ ಮನುಷ್ಯ. ಯಾಕೆಂದರೆ ಅವನು ಅಪರಿಚಿತರ ಮೇಲ್ ತೆರೆಯುತ್ತಾನೆ, ಕೇಳಿದ ದಾಖಲೆಯನ್ನೆಲ್ಲ ಕೊಡುತ್ತಾನೆ.

2022ರ ಮಾರ್ಚ್‌ನಲ್ಲಿ ಆಕ್ಸಿ ಇನ್ಫಿನಿಟಿ ಎಂಬ ಆನ್‌ಲೈನ್ ಆಟದ ಹಣಕಾಸು ಜಾಲದಿಂದ 60 ಕೋಟಿ ಡಾಲರ್ ಆಸುಪಾಸಿನ ಕ್ರಿಪ್ಟೊ ಮಾಯವಾಯಿತು. ಆಮೇಲೆ ಬಂದ ವರದಿಗಳ ಪ್ರಕಾರ ಎಲ್ಲ ಶುರುವಾದದ್ದು ಒಂದು ಉದ್ಯೋಗದ ಆಫರ್‌ನಿಂದ. ಕಂಪನಿಯ ಹಿರಿಯ ಎಂಜಿನಿಯರಿಗೆ ಸುಳ್ಳು ಕಂಪನಿಯೊಂದು ಹಲವು ಸುತ್ತಿನ ಇಂಟರ್‌ವ್ಯೂ ಮಾಡಿ, ದೊಡ್ಡ ಸಂಬಳದ ಆಫರ್ ಲೆಟರನ್ನು ಪಿಡಿಎಫ್‌ನಲ್ಲಿ ಕಳಿಸಿತು. ಆ ಪಿಡಿಎಫ್ ತೆರೆದದ್ದೇ ದಾರಿಯಾಯಿತು.

ಬೆಂಗಳೂರಿನದ್ದೇ ಬೇಕೆಂದರೆ 2025ರ ಜುಲೈಗೆ ಬನ್ನಿ. ಕಾಯಿನ್‌ಡಿಸಿಎಕ್ಸ್ ಎಂಬ ಕ್ರಿಪ್ಟೊ ಕಂಪನಿಯಿಂದ 4.4 ಕೋಟಿ ಡಾಲರ್, ಅಂದರೆ ಸುಮಾರು 379 ಕೋಟಿ ರೂಪಾಯಿ ಹೋಯಿತು. ಪೊಲೀಸರು ಬಂಧಿಸಿದ್ದು ಅದೇ ಕಂಪನಿಯ ಉದ್ಯೋಗಿಯೊಬ್ಬರನ್ನು. ಕಳವಿನಲ್ಲಿ ತನ್ನ ಪಾಲಿಲ್ಲ, ಕಂಪನಿಯ ಲ್ಯಾಪ್‌ಟಾಪಿನಲ್ಲಿ ಗುರುತಿಲ್ಲದವರಿಗೆ ಪಾರ್ಟ್‌ಟೈಮ್ ಕೆಲಸ ಮಾಡಿಕೊಟ್ಟದ್ದು ಮಾತ್ರ ನಿಜ ಎಂದು ಆತ ಹೇಳಿದ್ದಾಗಿ ವರದಿಯಾಯಿತು. ಆ ಕೆಲಸದ ಫೈಲುಗಳ ಜೊತೆ ಮಾಲ್‌ವೇರ್ ಬಂದಿರಬಹುದು ಎಂಬುದು ಪೊಲೀಸರ ಅನುಮಾನ. ‘ಸೈಡ್ ಇನ್‌ಕಮ್’ ಎಂದು ಎಲ್ಲ ರೀಲ್ಸ್‌ಗಳೂ ಹೇಳುತ್ತವೆ, ಯಾವ ಲ್ಯಾಪ್‌ಟಾಪಿನಲ್ಲಿ ಮಾಡಬಾರದು ಎಂದು ಹೇಳುವುದಿಲ್ಲ.

ಭಟ್ಕಳದಿಂದ ಗಲ್ಫ್‌ಗೆ ಹೋಗುವವರು ತಲೆಮಾರುಗಳಿಂದ ಇದ್ದಾರೆ. ಬಂಧುಗಳ ಬಾಯಿಮಾತಿನಲ್ಲಿ ಕೆಲಸ ಸಿಗುತ್ತಿದ್ದ ಕಾಲಕ್ಕೂ ಈಗಿನ ಟೆಲಿಗ್ರಾಂ ಏಜೆಂಟರ ಕಾಲಕ್ಕೂ ವ್ಯತ್ಯಾಸವಿದೆ. ಥಾಯ್ಲೆಂಡಿನಲ್ಲಿ ಡೇಟಾ ಎಂಟ್ರಿ ಕೆಲಸ ಎಂದು ನಂಬಿ ಹೋದ ಭಾರತೀಯರನ್ನು ಮ್ಯಾನ್ಮಾರ್ ಗಡಿಯ ಸೈಬರ್ ವಂಚನೆಯ ಅಡ್ಡೆಗಳಲ್ಲಿ ಕೂಡಿಹಾಕಿ, ಅವರಿಂದಲೇ ಬೇರೆಯವರಿಗೆ ಮೋಸ ಮಾಡಿಸುತ್ತಿದ್ದರು. 2025ರ ಮಾರ್ಚ್‌ನಲ್ಲಿ ವಾಯುಪಡೆಯ ವಿಮಾನ ಕಳಿಸಿ ಮೊದಲ ದಿನ 283 ಮಂದಿಯನ್ನು ಕರೆತರಬೇಕಾಯಿತು. ಹೋಗುವ ಮೊದಲು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ತಾಣದಲ್ಲಿ ಏಜೆಂಟರ ಹೆಸರು ನೋಂದಣಿಯಾಗಿದೆಯೇ ಎಂದು ನೋಡಲು ಐದು ನಿಮಿಷ ಸಾಕು.

ಇಷ್ಟು ದೂರ ಯಾಕೆ, ನಮ್ಮ ಊರಿನ ಸೈಬರ್ ಸೆಂಟರಿನ ಡೆಸ್ಕ್‌ಟಾಪ್ ನೋಡಿ. ಸ್ಕಾಲರ್‌ಶಿಪ್ ಅರ್ಜಿ, ಸಿಇಟಿ ಅರ್ಜಿ, ಪೊಲೀಸ್ ಕಾನ್‌ಸ್ಟೆಬಲ್ ಅರ್ಜಿ ಹಾಕಲು ಹೋದಾಗ ನಾನು ಕಂಡ ಒಂದು ಅಂಗಡಿಯ ಸ್ಕ್ರೀನ್ ತುಂಬ ಊರಿನ ಅರ್ಧ ಹುಡುಗ ಹುಡುಗಿಯರ ಆಧಾರ್, ಅಂಕಪಟ್ಟಿ, ಪಾಸ್‌ಬುಕ್ ಮೊದಲ ಪುಟ, ಸಹಿ. ಅಂಗಡಿಯವರು ಕೆಟ್ಟವರಲ್ಲ. ಡಿಲೀಟ್ ಮಾಡಲು ಪುರುಸೊತ್ತಿಲ್ಲ, ಅಷ್ಟೇ. ಆದರೆ ಆ ಫೋಲ್ಡರನ್ನು ಒಂದು ಪೆನ್‌ಡ್ರೈವ್‌ಗೆ ಎಳೆದುಕೊಂಡು ಹೋಗಲು ಯಾವ ಹ್ಯಾಕರೂ ಬೇಕಿಲ್ಲ. ಕೆಲಸ ಆದ ಮೇಲೆ ಪಕ್ಕದಲ್ಲೇ ನಿಂತು ‘ಅಣ್ಣಾ, ನನ್ನ ಫೈಲ್ ಡಿಲೀಟ್ ಮಾಡಿ, ರಿಸೈಕಲ್ ಬಿನ್‌ನಿಂದಲೂ’ ಎನ್ನಲು ನಾಚಿಕೆ ಬೇಡ. ಗುರುತಿಗೆ ಮಾತ್ರ ಆಧಾರ್ ಕೇಳುವ ಕಡೆ ಮಾಸ್ಕ್ಡ್ ಆಧಾರ್ ಕೊಡಿ. ಅದರಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುತ್ತವೆ, ಆಧಾರ್ ತಾಣದಿಂದ ಉಚಿತವಾಗಿ ಇಳಿಸಿಕೊಳ್ಳಬಹುದು. ಹಣ ಹೋದರೆ ಸಹಾಯವಾಣಿ 1930. ಅಂಕೋಲೆಯ ಉಪ್ಪಿನ ಸತ್ಯಾಗ್ರಹದ ವರ್ಷವೂ ಅದೇ, ನಮ್ಮ ಜಿಲ್ಲೆಯವರಿಗೆ ಮರೆಯುವ ಭಯವಿಲ್ಲ.

ಬಲೆ ಕಟ್ಟುವವರು ಬೇಕಾಗಿದ್ದಾರೆ

ಹೆದರಿಸಿದ್ದು ಸಾಕು. ಹೊರಗೇಟು ಕಾಯುವುದೇ ಒಂದು ಉದ್ಯೋಗ ಎಂಬುದನ್ನೂ ಹೇಳಬೇಕು. 2022ರ ಏಪ್ರಿಲ್‌ನಲ್ಲಿ ಸರ್ಕಾರದ ಸರ್ಟ್-ಇನ್ ಸಂಸ್ಥೆ ಒಂದು ಆದೇಶ ಹೊರಡಿಸಿತು. ಮಾಹಿತಿ ಸೋರಿಕೆಯಂಥ ಘಟನೆ ಗೊತ್ತಾದ 6 ಗಂಟೆಯೊಳಗೆ ವರದಿ ಮಾಡಬೇಕು, ಕಂಪ್ಯೂಟರ್ ಲಾಗ್‌ಗಳನ್ನು 180 ದಿನ ಇಟ್ಟಿರಬೇಕು. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ ಜನರ ಮಾಹಿತಿಗೆ ಸರಿಯಾದ ರಕ್ಷಣೆ ಕೊಡದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡವಿದೆ. 2025ರ ನವೆಂಬರಿನಲ್ಲಿ ಅದರ ನಿಯಮಗಳೂ ಹೊರಬಂದವು. ಅಂದರೆ ಆಸ್ಪತ್ರೆ, ಸಹಕಾರಿ ಬ್ಯಾಂಕ್, ಕಾಲೇಜು ಎಲ್ಲರಿಗೂ ಈ ಲೆಕ್ಕ ನೋಡುವವರು ಬೇಕಾಗುತ್ತಾರೆ. ಎಲ್ಲರೂ ಎಂಜಿನಿಯರುಗಳೇ ಆಗಬೇಕಿಲ್ಲ. ಯಾವ ಮಾಹಿತಿ ಎಲ್ಲಿದೆ, ಯಾರ ಕೈಯಲ್ಲಿದೆ ಎಂದು ಪಟ್ಟಿ ಮಾಡುವ ಕೆಲಸ ಬಿ.ಕಾಂ., ಬಿ.ಎ. ಓದಿದವರಿಗೂ ಒಗ್ಗುತ್ತದೆ.

ತಾಂತ್ರಿಕ ಕಡೆ ಹೋಗುವವರಿಗೆ ಮೊದಲ ಮೆಟ್ಟಿಲು ಎಸ್‌ಒಸಿ ಅನಾಲಿಸ್ಟ್. ಪಾಳಿಯ ಮೇಲೆ ಕೂತು ಲಾಗ್ ನೋಡುವ ಕೆಲಸ. ಬೋರು ಎನ್ನುತ್ತಾರೆ ಮಾಡಿದವರು, ಸಿಗಡಿ ಬಲೆ ಕಾಯುವುದೂ ಬೋರೇ. ದುಬಾರಿ ಕೋರ್ಸಿಗೆ ಮೊದಲೇ ಹಣ ಸುರಿಯಬೇಡಿ. ಎನ್‌ಪಿಟಿಇಎಲ್‌ನಲ್ಲಿ ನೆಟ್‌ವರ್ಕಿಂಗ್ ಪಾಠಗಳು ಉಚಿತ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆಸರೆಯಲ್ಲಿ ರಾಜ್ಯ ಸರ್ಕಾರದ ಸೈಸೆಕ್ ಕೇಂದ್ರವಿದೆ, ಅದರ ಪ್ರಕಟಣೆಗಳ ಮೇಲೆ ಕಣ್ಣಿಡಿ. ಭಟ್ಕಳದ ಅಂಜುಮನ್ ಇರಲಿ, ಹೊನ್ನಾವರದ ಎಸ್‌ಡಿಎಂ ಇರಲಿ, ಕುಮಟಾದ ಬಾಳಿಗಾ ಕಾಲೇಜಿರಲಿ, ಕಲಿಯಲು ಬೇಕಾದದ್ದು ಒಂದು ಹಳೆಯ ಲ್ಯಾಪ್‌ಟಾಪ್ ಮತ್ತು ವೈರ್‌ಶಾರ್ಕ್ ಎಂಬ ಉಚಿತ ತಂತ್ರಾಂಶ.

ರಾತ್ರಿ ಎಲ್ಲ ಆ್ಯಪ್, ಎಲ್ಲ ಬ್ರೌಸರ್ ಮುಚ್ಚಿ. ವೈರ್‌ಶಾರ್ಕ್ ತೆರೆದು, ಡಿಎನ್‌ಎಸ್ ಪ್ರಶ್ನೆಗಳನ್ನು ಮಾತ್ರ ತೋರಿಸುವಂತೆ ಫಿಲ್ಟರ್ ಹಾಕಿ, ಲ್ಯಾಪ್‌ಟಾಪನ್ನು ಮುಟ್ಟದೆ ಅರ್ಧ ಗಂಟೆ ಬಿಡಿ. ನೀವು ಏನೂ ಮಾಡದಿದ್ದಾಗಲೂ ಅದು ಯಾರ್‍ಯಾರ ವಿಳಾಸ ಕೇಳುತ್ತಿದೆ ಎಂಬ ಪಟ್ಟಿ ಸಾಲುಸಾಲಾಗಿ ಏರುತ್ತದೆ. ಒಂದೊಂದೇ ಹೆಸರು ಹಿಡಿದು ಅದು ಯಾರದ್ದು, ಯಾಕೆ ಕೇಳಿತು ಎಂದು ಹುಡುಕಿ. ನಾನು ಹಾಗೆ ಕೂತ ಮೊದಲ ರಾತ್ರಿ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್ ಒಂದು ಪ್ರಿಂಟರ್ ಕಂಪನಿಯನ್ನು ಮತ್ತೆ ಮತ್ತೆ ಕರೆಯುತ್ತಿತ್ತು. ನಮ್ಮ ಮನೆಯಲ್ಲಿ ಪ್ರಿಂಟರ್ ಇಲ್ಲ. ಹಳೆಯ ಮಾಲೀಕ ಹಾಕಿದ್ದ ಡ್ರೈವರ್ ಅದು, ವರ್ಷಗಳಿಂದ ಯಾರೂ ತೆಗೆದಿರಲಿಲ್ಲ.